ತೂಕವಿಲ್ಲದ ಸರಕು



ಸೇಡಂ, ವಾಡಿ, ಶಹಾಬಾದ್ ಕಡೆಯವರಿಗೆ ಸಿಮೆಂಟಿನ ಚೀಲದ ಪರಿಚಯ ಮಾಡಿಕೊಡಬೇಕಿಲ್ಲ. ವಾಡಿಯ ಎಸಿಸಿಯಿಂದ ಬರಲಿ, ಮಳಖೇಡದ ರಾಜಶ್ರೀಯಿಂದ ಬರಲಿ, ಚೀಲದ ಮೈಮೇಲೆ 50 ಕಿಲೊ ಎಂಬ ಅಚ್ಚು ಇದ್ದೇ ಇರುತ್ತದೆ. ಯಾವ ದರ್ಜೆಯ ಸಿಮೆಂಟು, ಯಾವ ವಾರ ತುಂಬಿದ್ದು, ಹೆಚ್ಚೆಂದರೆ ಎಷ್ಟಕ್ಕೆ ಮಾರಬಹುದು ಎಂಬುದೂ ಅಲ್ಲೇ ಇರುತ್ತದೆ. ಅನುಮಾನ ಬಂದರೆ ಕಾಟಾದ ಮೇಲಿಟ್ಟು ನೋಡಬಹುದು. ಎರಡು ಕಿಲೊ ಕಮ್ಮಿ ಬಂದರೆ ಅಂಗಡಿಯವನ ಜತೆ ಜಗಳ ತೆಗೆಯಬಹುದು. ಆ ಜಗಳದಲ್ಲಿ ಕಾನೂನು ನಮ್ಮ ಕಡೆ ನಿಲ್ಲುತ್ತದೆ.

ಅದೇ ಊರುಗಳ ಅದೇ ಮನೆಗಳಿಗೆ ಈಗ ಪ್ರತಿ ತಿಂಗಳೂ ಇನ್ನೊಂದು ಸರಕು ಬರುತ್ತಿದೆ. ಅದಕ್ಕೆ ದುಡ್ಡು ಮೊದಲೇ ಕಟ್ಟಬೇಕು. ಬಂದದ್ದು ಎಷ್ಟು, ಬರಬೇಕಾದದ್ದು ಎಷ್ಟು, ನಡುವೆ ಎಲ್ಲಿ ಸೋರಿತು ಎಂದು ಕೇಳಿದರೆ ಉತ್ತರ ಕೊಡುವವರಿಲ್ಲ. ನಾನು ಹೇಳುತ್ತಿರುವುದು ಇಂಟರ್‌ನೆಟ್ಟಿನ ಮಾತು. ಕಿಸೆಯಲ್ಲಿರುವ ಮೊಬೈಲಿನ ಡೇಟಾ ಇರಬಹುದು, ಕಂಬದಿಂದ ಕಂಬಕ್ಕೆ ಜೋತುಬಿದ್ದು ಮನೆಯೊಳಗೆ ಬಂದ ಫೈಬರ್ ಇರಬಹುದು. ಈ ಎರಡರ ಮೇಲೂ ನಮ್ಮ ಜನರಿಗೆ ಸಿಟ್ಟಿದೆ. ದರ ಏರುತ್ತಲೇ ಹೋಗುತ್ತದೆ, ಸ್ಪೀಡ್ ಮಾತ್ರ ಇಳಿಯುತ್ತಲೇ ಬರುತ್ತದೆ ಎಂಬುದು ಆ ಸಿಟ್ಟಿನ ಸಾರ. ದರ ಏರಿದ್ದರ ನೋವು ನಿಜವಾದದ್ದೇ. ಆದರೆ ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು, ಕೊಟ್ಟ ದುಡ್ಡಿಗೆ ಏನು ಬಂತು ಎಂದು ಅಳೆದು ನೋಡುವ ಕಾಟಾ ಗಿರಾಕಿಯ ಕೈಯಲ್ಲಿ ಇಲ್ಲದಿರುವುದು.

ಮೊದಲು ಮೊಬೈಲಿನ ವಿಚಾರ. ನಮ್ಮಲ್ಲಿ ಹೆಚ್ಚಿನ ಮನೆಗಳಿಗೆ ಇಂಟರ್‌ನೆಟ್ ಎಂದರೆ ಮೊಬೈಲೇ.

2024ರ ಜುಲೈ 3ರಂದು ಜಿಯೊ, ಏರ್‌ಟೆಲ್ ಎರಡೂ ದರ ಏರಿಸಿದವು. ಮರುದಿನ ವೊಡಾಫೋನ್ ಐಡಿಯಾ ಏರಿಸಿತು. ಆ ವಾರ ಚಿತ್ತಾಪುರದ ರಿಚಾರ್ಜ್ ಅಂಗಡಿಯ ಮುಂದೆ ನಿಂತಿದ್ದರೆ ಇಂಥದೊಂದು ಮಾತುಕತೆ ಕಿವಿಗೆ ಬೀಳುತ್ತಿತ್ತು.

"ಏ ತಮ್ಮಾ, ಹೋದ ಸಲ ಇದಕ್ಕ ಎರಡು ನೂರ ಮೂವತ್ತೊಂಬತ್ತು ಇತ್ತಲ್ಲೋ?"

"ಮುತ್ಯಾ, ಅದು ಬಂದ್ ಆಗ್ಯಾದ. ಈಗ ಎರಡು ನೂರ ತೊಂಬತ್ತೊಂಬತ್ತು."

"ಅರವತ್ತು ರೂಪಾಯಿ ಯಾಕ ಹೆಚ್ಚಾತು? ಏನು ಹೆಚ್ಚಿಗಿ ಕೊಡ್ಲಕತ್ತಾರ?"

"ಏನೂ ಇಲ್ಲ ಮುತ್ಯಾ. ಅದೇ ಒಂದೂವರಿ ಜಿಬಿ, ಅದೇ ಇಪ್ಪತ್ತೆಂಟು ದಿನ."

ಮುತ್ಯಾ ಕೇಳಿದ್ದು ಸರಿಯಾದ ಪ್ರಶ್ನೆ. 239ರಿಂದ 299 ಎಂದರೆ ನೂರಕ್ಕೆ 25ರಷ್ಟು ಏರಿಕೆ. 84 ದಿನದ್ದು 666 ಇದ್ದದ್ದು 799 ಆಯಿತು. ಎಲ್ಲಕ್ಕಿಂತ ಅಗ್ಗವೆಂದು ಬಡವರು ಹಾಕಿಸುತ್ತಿದ್ದ 155ರ ಪ್ಲಾನ್ 189ಕ್ಕೆ ಹೋಯಿತು. ಇಲ್ಲಿ ಇನ್ನೊಂದು ಲೆಕ್ಕವನ್ನೂ ನೋಡಬೇಕು. ಸಂಬಳ ತಿಂಗಳಿಗೊಮ್ಮೆ, ಮನೆ ಬಾಡಿಗೆ ತಿಂಗಳಿಗೊಮ್ಮೆ, ಕರೆಂಟ್ ಬಿಲ್ಲೂ ತಿಂಗಳಿಗೊಮ್ಮೆ. ರಿಚಾರ್ಜ್ ಮಾತ್ರ 28 ದಿನಕ್ಕೊಮ್ಮೆ. 28ನ್ನು 13ರಿಂದ ಗುಣಿಸಿದರೆ 364. ಅಂದರೆ ವರ್ಷಕ್ಕೆ ಹನ್ನೆರಡು ತಿಂಗಳಿದ್ದರೂ ಹದಿಮೂರು ಸಲ ರಿಚಾರ್ಜ್. 299ರಂತೆ ಹದಿಮೂರು ಸಲಕ್ಕೆ 3,887 ರೂಪಾಯಿ. ಗಂಡ, ಹೆಂಡತಿ, ಕಾಲೇಜಿಗೆ ಹೋಗುವ ಇಬ್ಬರು ಮಕ್ಕಳು, ನಾಲ್ಕು ಫೋನು ಇರುವ ಮನೆ ಎಂದುಕೊಳ್ಳಿ. ವರ್ಷಕ್ಕೆ 15,548 ರೂಪಾಯಿ. ಹಳೆಯ ದರಕ್ಕೆ ಹೋಲಿಸಿದರೆ ಅದೇ ಮನೆಗೆ ವರ್ಷಕ್ಕೆ 3,120 ರೂಪಾಯಿ ಹೆಚ್ಚು. ಕಲ್ಲಿನ ಖಣಿಯಲ್ಲಿ, ಪಾಲಿಶ್ ಮಶೀನಿನ ಮುಂದೆ ದಿನಗೂಲಿ ಮಾಡುವವನಿಗೆ ಅದು ಎಷ್ಟು ದಿನದ ದುಡಿಮೆ ಎಂಬುದನ್ನು ಶಹಾಬಾದಿನ ಕೇಳುಗರು ನನಗಿಂತ ಚೆನ್ನಾಗಿ ಹೇಳಿಯಾರು.

ಈ 28 ದಿನದ ಆಟದ ಬಗ್ಗೆ ದೂರು ಹೆಚ್ಚಾದಾಗ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ಅಂದರೆ ಟ್ರಾಯ್, 2022ರ ಜನವರಿಯಲ್ಲಿ ಒಂದು ಆದೇಶ ಮಾಡಿತು. ಪ್ರತಿ ಕಂಪನಿಯೂ 30 ದಿನದ ಒಂದಾದರೂ ಪ್ಲಾನ್ ಇಡಬೇಕು, ಪ್ರತಿ ತಿಂಗಳು ಅದೇ ತಾರೀಖಿಗೆ ನವೀಕರಿಸುವ ಒಂದಾದರೂ ಪ್ಲಾನ್ ಇಡಬೇಕು ಎಂದಿತು. ಕಂಪನಿಗಳು ಇಟ್ಟಿವೆ. ಆದರೆ ಅಂಗಡಿಯ ಗೋಡೆಗೆ ಅಂಟಿಸಿದ ಪಟ್ಟಿಯಲ್ಲಿ ಅದನ್ನು ಹುಡುಕಿ ನೋಡಿ. ಕೇಳಿದವರಿಗಷ್ಟೇ ಸಿಗುವ ಸರಕು ಅದು.

ಕಂಪನಿಗಳು ಇದಕ್ಕೆ ಕೊಡುವ ಉತ್ತರವೂ ಇದೆ, ಅದನ್ನು ಮುಚ್ಚಿಡುವುದು ನ್ಯಾಯವಲ್ಲ. 2014ರಲ್ಲಿ ಒಂದು ಜಿಬಿ ಡೇಟಾಕ್ಕೆ ನಮ್ಮ ದೇಶದಲ್ಲಿ ಸರಾಸರಿ 269 ರೂಪಾಯಿ ಆಗುತ್ತಿತ್ತು. 2016ರ ಸೆಪ್ಟೆಂಬರಿನಲ್ಲಿ ಜಿಯೊ ಬಂದ ಮೇಲೆ ಅದು ಧೊಪ್ಪನೆ ಬಿದ್ದು ಹತ್ತು ರೂಪಾಯಿಯ ಆಸುಪಾಸಿಗೆ ಬಂತು. ಜಗತ್ತಿನಲ್ಲಿ ಇಷ್ಟು ಅಗ್ಗದ ಡೇಟಾ ಕೆಲವೇ ದೇಶಗಳಲ್ಲಿದೆ. ಮಾತು ನಿಜ. ಆದರೆ ಒಂದು ಜಿಬಿಯ ಲೆಕ್ಕದಲ್ಲಿ ನಮಗೆ ಯಾರು ಮಾರುತ್ತಿದ್ದಾರೆ? ದಿನಕ್ಕೆ ಒಂದೂವರೆ ಜಿಬಿ ಎಂದು ಕಟ್ಟಿಕೊಡುತ್ತಾರೆ. ಹೊಲದ ಕೆಲಸ ಇದ್ದ ದಿನ ಅದರಲ್ಲಿ ಕಾಲು ಭಾಗವೂ ಮುಟ್ಟಿರುವುದಿಲ್ಲ. ಉಳಿದದ್ದು ರಾತ್ರಿ ಹನ್ನೆರಡಕ್ಕೆ ಸತ್ತುಹೋಗುತ್ತದೆ, ನಾಳೆಗೆ ಬರುವುದಿಲ್ಲ. ಮಗಳ ಆನ್‌ಲೈನ್ ಅರ್ಜಿ, ಅಳಿಯನ ವಿಡಿಯೊ ಕಾಲ್ ಎರಡೂ ಒಂದೇ ದಿನ ಬಂದರೆ ಸಂಜೆ ಐದಕ್ಕೇ ಡೇಟಾ ಖಾಲಿ. ಆಗ ಮೇಲೊಂದು ಟಾಪ್‌ಅಪ್ ಹಾಕಿಸಬೇಕು. ಉಳಿದ ದಿನ ಅವರಿಗೆ, ಕಮ್ಮಿ ಬಿದ್ದ ದಿನ ನಮಗೆ. ಸರಾಸರಿಯಲ್ಲಿ ಅಗ್ಗ ಎನ್ನುವವರು ಈ ಹಾಳಾದ ಜಿಬಿಗಳನ್ನೂ ನಮ್ಮ ಬಾಯಿಗೆ ಹಾಕಿ ಲೆಕ್ಕ ಮಾಡಬಾರದು.

ಟಾಪ್‌ಅಪ್ ಹಾಕಿಸದಿದ್ದರೆ ಏನಾಗುತ್ತದೆ? ನೆಟ್ ಪೂರ್ತಿ ನಿಲ್ಲುವುದಿಲ್ಲ. ಸ್ಪೀಡ್ 64 ಕೆಬಿಪಿಎಸ್‌ಗೆ ಇಳಿಯುತ್ತದೆ. ಅನ್‌ಲಿಮಿಟೆಡ್ ಎಂಬ ಮಾತನ್ನು ಉಳಿಸಿಕೊಳ್ಳಲು ಇಷ್ಟು ಸಾಕು. 64 ಕೆಬಿಪಿಎಸ್ ಎಂದರೆ ಸೆಕೆಂಡಿಗೆ 8 ಕಿಲೊಬೈಟ್. ಒಂದು ಎಂಬಿಯ ಪಿಡಿಎಫ್ ಇಳಿಯಲು ಎರಡು ನಿಮಿಷಕ್ಕೂ ಹೆಚ್ಚು. ಯುಪಿಐನಲ್ಲಿ ದುಡ್ಡು ಕಳಿಸಲು ಹೋದರೆ ಗುಂಡಗೆ ತಿರುಗುತ್ತ ಕೂಡುತ್ತದೆ. ದುಡ್ಡು ಹೋಯಿತೋ ಇಲ್ಲವೋ ಎಂದು ಅಂಗಡಿಯವನೂ ನೀವೂ ಮುಖ ಮುಖ ನೋಡಿಕೊಳ್ಳಬೇಕು. 1995ರ ಆಗಸ್ಟ್ 15ರಂದು ವಿಎಸ್‌ಎನ್‌ಎಲ್ ಭಾರತದಲ್ಲಿ ಸಾರ್ವಜನಿಕರಿಗೆ ಇಂಟರ್‌ನೆಟ್ ಕೊಡಲು ಸುರುಮಾಡಿತು. ಆಮೇಲೆ ಬಂದ ಡಯಲ್‌ಅಪ್ ಮೋಡೆಮ್‌ಗಳು, ಕಿರ್‌ ಎಂದು ಸದ್ದು ಮಾಡುತ್ತಿದ್ದ ಆ ಡಬ್ಬಿಗಳು, 56 ಕೆಬಿಪಿಎಸ್‌ವರೆಗೆ ಓಡುತ್ತಿದ್ದವು. ಫೈವ್ ಜಿ ಫೋನು ಕೈಯಲ್ಲಿ ಹಿಡಿದವನನ್ನು ಸಂಜೆ ಐದರ ಮೇಲೆ ಆ ಕಾಲಕ್ಕೆ ಕಳಿಸಿಬಿಡುತ್ತಾರೆ.

ಮನೆಗೆ ಬರುವ ಬ್ರಾಡ್‌ಬ್ಯಾಂಡಿನ ಕತೆ ಸ್ವಲ್ಪ ಬೇರೆ.

2005ರಲ್ಲಿ ಬಿಎಸ್‌ಎನ್‌ಎಲ್ ಡೇಟಾ ಒನ್ ಎಂಬ ಹೆಸರಿನಲ್ಲಿ ಬ್ರಾಡ್‌ಬ್ಯಾಂಡ್ ತಂದಾಗ ಸ್ಪೀಡ್ 256 ಕೆಬಿಪಿಎಸ್. 2004ರ ಸರಕಾರಿ ನೀತಿಯ ಪ್ರಕಾರ ಅಷ್ಟಿದ್ದರೆ ಬ್ರಾಡ್‌ಬ್ಯಾಂಡ್. ಆಗಿನ ಕೆಲವು ಪ್ಲಾನ್‌ಗಳಲ್ಲಿ ರಾತ್ರಿ ಎರಡರಿಂದ ಬೆಳಿಗ್ಗೆ ಎಂಟರವರೆಗೆ ಎಷ್ಟಾದರೂ ಬಳಸಬಹುದಿತ್ತು. ಹುಡುಗರು ಅಲಾರಾಂ ಇಟ್ಟು ರಾತ್ರಿ ಎರಡಕ್ಕೆ ಎದ್ದು ಸಿನಿಮಾ ಇಳಿಸಲು ಹಾಕಿ ಮಲಗುತ್ತಿದ್ದರು. ಆ ಕಾಲದಲ್ಲಿ ಮಿತಿ ಎಂಬುದು ಕಣ್ಣಿಗೆ ಕಾಣುತ್ತಿತ್ತು: ಇಷ್ಟು ಜಿಬಿ, ಮೀರಿದರೆ ಎಂಬಿಗೆ ಇಷ್ಟು ಪೈಸೆ. ಬಿಲ್ಲು ನೋಡಿ ಎದೆ ಒಡೆದುಕೊಂಡವರೂ ಇದ್ದಾರೆ. ಆದರೆ ಯಾಕೆ ಬಂತು ಎಂದಾದರೂ ತಿಳಿಯುತ್ತಿತ್ತು.

ಆಮೇಲೆ ಬಂದದ್ದು ಎಫ್‌ಯುಪಿ. ನ್ಯಾಯೋಚಿತ ಬಳಕೆಯ ನೀತಿ ಎಂದು ಅದಕ್ಕೆ ಹೆಸರು. ಇಷ್ಟು ಜಿಬಿಯವರೆಗೆ ಪೂರ್ತಿ ಸ್ಪೀಡ್, ಆಮೇಲೆ ಕಮ್ಮಿ ಸ್ಪೀಡ್, ಬಿಲ್ಲು ಮಾತ್ರ ಅಷ್ಟೇ. ಕಂಪನಿಯ ಕಡೆ ಇದಕ್ಕೆ ಬೇಕಾದದ್ದು ಬರೀ ಒಂದು ಗುರುತು. ನಿಮ್ಮ ಹೆಸರಿನ ಮುಂದಿರುವ ಸ್ಪೀಡಿನ ಅಂಕಿಯನ್ನು ಯಂತ್ರ ತಾನೇ ಬದಲಿಸುತ್ತದೆ, ಯಾರೂ ಕಂಬ ಹತ್ತಬೇಕಿಲ್ಲ. ಹೀಗೆ ಇಳಿಸುವಾಗ ಗಿರಾಕಿಗೆ ಹೇಳಬೇಕಲ್ಲ? 2016ರ ಅಕ್ಟೋಬರ್ 31ರಂದು ಟ್ರಾಯ್ ಈ ಬಗ್ಗೆ ಕಂಪನಿಗಳಿಗೆ ನಿರ್ದೇಶನ ಕೊಟ್ಟಿತು. ಮಿತಿ ಎಷ್ಟು ಜಿಬಿ, ಅಲ್ಲಿಯವರೆಗೆ ಸ್ಪೀಡ್ ಎಷ್ಟು, ಮಿತಿ ದಾಟಿದ ಮೇಲೆ ಸ್ಪೀಡ್ ಎಷ್ಟು, ಈ ಮೂರನ್ನೂ ಜಾಹೀರಾತಿನಲ್ಲಿ ಮತ್ತು ವೆಬ್‌ಸೈಟಿನಲ್ಲಿ ಹೇಳಬೇಕು. ಮಿತಿ ಹತ್ತಿರ ಬರುತ್ತಿದ್ದಂತೆ ಗಿರಾಕಿಗೆ ಎಚ್ಚರಿಕೆಯ ಸಂದೇಶ ಕಳಿಸಬೇಕು. ಎಷ್ಟು ಇಳಿಸಿದರೂ ಮನೆಯ ಬ್ರಾಡ್‌ಬ್ಯಾಂಡನ್ನು 512 ಕೆಬಿಪಿಎಸ್‌ಗಿಂತ ಕೆಳಗೆ ಇಳಿಸಕೂಡದು. ಆಗ ಬ್ರಾಡ್‌ಬ್ಯಾಂಡಿನ ವ್ಯಾಖ್ಯೆಯೂ 512 ಆಗಿತ್ತು. 2023ರಲ್ಲಿ ಆ ವ್ಯಾಖ್ಯೆ 2 ಎಂಬಿಪಿಎಸ್ ಆಯಿತು. ಈ ಲೆಕ್ಕದಲ್ಲಿ 512ಕ್ಕೆ ಇಳಿಸಿದ ಸಂಪರ್ಕ ಬ್ರಾಡ್‌ಬ್ಯಾಂಡೇ ಅಲ್ಲ, ಆದರೂ ಬಿಲ್ಲಿನ ಮೇಲೆ ಆ ಹೆಸರಿರುತ್ತದೆ.

ಈಗ ನಾನು ಹೇಳುವ ಮಾತು ಕೆಲವರಿಗೆ ಹಿಡಿಸಲಿಕ್ಕಿಲ್ಲ. ನಮ್ಮ ಊರುಗಳಲ್ಲಿ ಮನೆಯ ನೆಟ್ ನಿಧಾನವಾದಾಗಲೆಲ್ಲ "ಸ್ಪೀಡ್ ಕಟ್ ಮಾಡ್ಯಾರ" ಎನ್ನುತ್ತೇವೆ. ದೊಡ್ಡ ಕಂಪನಿಗಳ ಫೈಬರ್ ಪ್ಲಾನ್‌ಗಳಲ್ಲಿ ಈಗ ಮಿತಿ 3300 ಜಿಬಿಯ ಹತ್ತಿರ ಇದೆ. ದಿನಕ್ಕೆ 110 ಜಿಬಿ. ಇಡೀ ಮನೆ ಹಗಲು ರಾತ್ರಿ ಕೂತು ನೋಡಿದರೂ ಅದನ್ನು ಮುಟ್ಟುವುದು ಕಷ್ಟ. ಮಿತಿ ಮುಟ್ಟದೆಯೂ ನಿಧಾನವಾಗಿದೆ ಎಂದರೆ ಕಾರಣ ಬೇರೆ ಇದೆ, ಆ ಕಾರಣದ ಹೊಣೆಯೂ ಬೇರೆ ಬೇರೆಯವರದು. ಇದನ್ನು ಬಿಡಿಸಿ ನೋಡದೆ ಜಗಳಕ್ಕೆ ಹೋದರೆ ಗೆಲ್ಲುವುದು ಅವರೇ.

ಮೊದಲ ಕಾರಣ ನಮ್ಮ ಮನೆಯ ಗೋಡೆ. ನಗಬೇಡಿ. ಶಹಾಬಾದ್, ಚಿತ್ತಾಪುರ, ಸೇಡಂ ಭಾಗದ ಹಳೆಯ ಮನೆಗಳ ಗೋಡೆ ಕಲ್ಲಿನದು, ಒಂದೂವರೆ ಅಡಿ ದಪ್ಪ. ಎಷ್ಟೋ ಮನೆಗಳಿಗೆ ಮೇಲೆ ಹೊದಿಸಿದ್ದೂ ಶಹಾಬಾದ್ ಕಲ್ಲೇ. ಬೇಸಿಗೆಗೆ ತಂಪು, ಆದರೆ ವೈಫೈಗೆ ವೈರಿ. ಪಡಸಾಲೆಯಲ್ಲಿ ರೌಟರ್ ಇಟ್ಟು ಅಡುಗೆಮನೆ ದಾಟಿ ಒಳಕೋಣೆಯಲ್ಲಿ ಕೂತರೆ ಸಿಗ್ನಲ್ ಎರಡು ಗೆರೆಗೆ ಬರುತ್ತದೆ. ರೌಟರಿನಲ್ಲಿ ಎರಡು ಹೆಸರು ಕಾಣುತ್ತವೆ, ಒಂದರ ಹಿಂದೆ 5 ಜಿ ಎಂದಿರುತ್ತದೆ. ಅದು ವೇಗ ಹೆಚ್ಚು, ಆದರೆ ಗೋಡೆ ದಾಟುವ ತಾಕತ್ತು ಕಮ್ಮಿ. ಇನ್ನೊಂದು ಗೋಡೆ ದಾಟುತ್ತದೆ, ವೇಗ ಕಮ್ಮಿ. ರೌಟರನ್ನು ಟಿವಿಯ ಹಿಂದೆ, ಅಲಮಾರಿಯ ಒಳಗೆ, ದೇವರ ಫೋಟೊದ ಹಿಂದೆ ಇಟ್ಟವರನ್ನು ನಾನು ಕಂಡಿದ್ದೇನೆ. ಮನೆಯ ನಡುಭಾಗದಲ್ಲಿ, ಎತ್ತರದಲ್ಲಿ, ಬಯಲಿಗೆ ಇಟ್ಟರೆ ಅರ್ಧ ತ್ರಾಸು ಕಡಿಮೆ.

ಎರಡನೆಯದು ಹಂಚಿಕೆ. ಒಂದು ಫೈಬರ್ ಎಳೆ ಬೀದಿಗೆ ಬರುತ್ತದೆ, ಕಂಬದ ಮೇಲಿನ ಚಿಕ್ಕ ಡಬ್ಬಿಯಲ್ಲಿ ಮೂವತ್ತೆರಡೋ ಅರವತ್ತನಾಲ್ಕೋ ಮನೆಗಳಿಗೆ ಸೀಳುತ್ತದೆ. ಅಲ್ಲಿಂದ ಮೇಲಕ್ಕೆ ಕಂಪನಿ ಅಥವಾ ಊರಿನ ಕೇಬಲ್‌ನವರು ಇಷ್ಟು ಎಂದು ಬ್ಯಾಂಡ್‌ವಿಡ್ತ್ ಕೊಂಡಿರುತ್ತಾರೆ. ಎಲ್ಲರೂ ಒಮ್ಮೆಲೇ ಬಳಸುವುದಿಲ್ಲ ಎಂಬ ನಂಬಿಕೆಯ ಮೇಲೆ, ಕೊಂಡದ್ದಕ್ಕಿಂತ ಹೆಚ್ಚು ಮಾರುತ್ತಾರೆ. ಇದು ಕಳ್ಳತನವಲ್ಲ, ಜಗತ್ತಿನೆಲ್ಲೆಡೆ ಇಂಟರ್‌ನೆಟ್ ನಡೆಯುವುದೇ ಹೀಗೆ. 2009ರ ಟ್ರಾಯ್ ಮಾರ್ಗಸೂಚಿಯಲ್ಲಿ ಮನೆ ಬಳಕೆಗೆ ಒಂದಕ್ಕೆ ಐವತ್ತು, ವ್ಯಾಪಾರಕ್ಕೆ ಒಂದಕ್ಕೆ ಮೂವತ್ತು ಎಂಬ ಪ್ರಮಾಣ ಇತ್ತು. ಒಂದು ಗೆರೆಯ ಮೇಲೆ ಐವತ್ತು ಮನೆ. ಮಧ್ಯಾಹ್ನ ಯಾರಿಗೂ ಗೊತ್ತಾಗುವುದಿಲ್ಲ. ರಾತ್ರಿ ಎಂಟರ ಮೇಲೆ, ಕ್ರಿಕೆಟ್ ಇದ್ದ ದಿನವಂತೂ, ಎಲ್ಲರ ಪಾಲೂ ಸಣ್ಣದಾಗುತ್ತದೆ. ಆಗ ಕೇಬಲ್‌ನವರಿಗೆ ಫೋನು ಮಾಡಿದರೆ ಒಂದೇ ಉತ್ತರ: "ಸರ್, ಮೇಲಿಂದೇ ಪ್ರಾಬ್ಲಮ್ ಅದ." ಈ ಮೇಲೆ ಎಂಬುದು ಎಲ್ಲಿದೆ ಎಂದು ಈವರೆಗೂ ಯಾವ ಗಿರಾಕಿಗೂ ಯಾರೂ ತೋರಿಸಿಲ್ಲ. ಕಲಬುರಗಿಯಲ್ಲೋ, ಹೈದರಾಬಾದಿನಲ್ಲೋ, ಆಕಾಶದಲ್ಲೋ.

ಮೂರನೆಯದು ಕೇಬಲ್ ಕಡಿತ. ರಸ್ತೆ ಅಗಲ ಮಾಡುವ ಜೆಸಿಬಿ, ಮನೆಮನೆಗೆ ನಲ್ಲಿ ನೀರು ಕೊಡಲು ತೋಡಿದ ಕಾಲುವೆ, ಗಾಳಿಮಳೆಗೆ ಬಿದ್ದ ಜೆಸ್ಕಾಂ ಕಂಬ. ರೌಟರಿನ ಮೇಲೆ ಲಾಸ್ ಎಂಬ ಕಡೆ ಕೆಂಪು ದೀಪ ಮಿನುಗಿದರೆ ಫೈಬರಿನ ಬೆಳಕು ಮನೆವರೆಗೆ ಬರುತ್ತಿಲ್ಲ ಎಂದರ್ಥ. ರೌಟರ್ ಎಷ್ಟು ಸಲ ಬಂದ್ ಮಾಡಿ ಚಾಲೂ ಮಾಡಿದರೂ ಬಾರದು. ಹೀಗೆ ಅಗೆಯುವ ಮೊದಲು ತಿಳಿಸಲೆಂದು ಕೇಂದ್ರ ಸರಕಾರ 2023ರ ಮಾರ್ಚಿನಲ್ಲಿ ಒಂದು ಆಪ್ ಬಿಟ್ಟಿತು. ಜೆಸಿಬಿ ಓಡಿಸುವವನ ಫೋನಿನಲ್ಲಿ ಅದು ಇರುವುದನ್ನು ನೋಡುವ ಭಾಗ್ಯ ನನಗಿನ್ನೂ ಬಂದಿಲ್ಲ.

ಇವನ್ನು ಗುರುತಿಸುವುದು ಕಷ್ಟವೇನಲ್ಲ. ರೌಟರಿಗೆ ತಂತಿಯಿಂದಲೇ ಲ್ಯಾಪ್‌ಟಾಪ್ ಜೋಡಿಸಿ, ಇಲ್ಲದಿದ್ದರೆ ರೌಟರಿನ ಪಕ್ಕದಲ್ಲೇ ಫೋನು ಹಿಡಿದು, ಬೆಳಿಗ್ಗೆ ಆರಕ್ಕೊಮ್ಮೆ, ರಾತ್ರಿ ಒಂಬತ್ತಕ್ಕೊಮ್ಮೆ ಸ್ಪೀಡ್ ನೋಡಿ. ಟ್ರಾಯ್‌ನದೇ ಮೈಸ್ಪೀಡ್ ಎಂಬ ಆಪ್ ಇದೆ. ಪಕ್ಕದಲ್ಲಿ ಚೆನ್ನಾಗಿದ್ದು ಒಳಕೋಣೆಯಲ್ಲಿ ಮಾತ್ರ ಇಲ್ಲದಿದ್ದರೆ ಗೋಡೆಯ ದೋಷ. ಬೆಳಿಗ್ಗೆ 40 ಎಂಬಿಪಿಎಸ್ ಇದ್ದು ರಾತ್ರಿ 6 ಆದರೆ ಹಂಚಿಕೆಯ ದೋಷ. ಬೆಳಿಗ್ಗೆ, ರಾತ್ರಿ, ನಡುರಾತ್ರಿ ಯಾವಾಗ ನೋಡಿದರೂ ಅಳೆದಿಟ್ಟಂತೆ 2 ಅಥವಾ 4ಕ್ಕೇ ನಿಂತಿದ್ದರೆ, ಆಗ ಹೇಳಿ: ಸ್ಪೀಡ್ ಕಟ್ ಮಾಡ್ಯಾರ. ಇನ್ನೊಂದು ಗೊಂದಲವನ್ನೂ ಇಲ್ಲೇ ತೀರಿಸಿಬಿಡುತ್ತೇನೆ. ಕಂಪನಿ ಹೇಳುವ 40 ಬಿಟ್‌ಗಳ ಲೆಕ್ಕ, ಫೈಲ್ ಇಳಿಯುವಾಗ ಕಾಣುವುದು ಬೈಟ್‌ಗಳ ಲೆಕ್ಕ. ಎಂಟರಿಂದ ಭಾಗಿಸಬೇಕು. 40ರ ಪ್ಲಾನಿನಲ್ಲಿ ಸೆಕೆಂಡಿಗೆ 5 ಎಂಬಿ ಇಳಿದರೆ ಮೋಸವಾಗಿಲ್ಲ.

ಸ್ಪೀಡ್ ಟೆಸ್ಟಿನಲ್ಲಿ ಫುಲ್ ಬರುತ್ತದೆ, ಆದರೆ ವಿಡಿಯೊ ಮಾತ್ರ ನಿಂತು ನಿಂತು ಓಡುತ್ತದೆ ಎಂಬ ದೂರು ಬಹಳ. ಅದಕ್ಕೂ ಕಾರಣವಿದೆ. 2006ರ ಗುಣಮಟ್ಟ ನಿಯಮದಲ್ಲಿ, ಮಾರಿದ ಸ್ಪೀಡಿನ ನೂರಕ್ಕೆ 80ರಷ್ಟಾದರೂ ಸಿಗಬೇಕು ಎಂದಿತ್ತು. ಆದರೆ ಅಳತೆ ಕಂಪನಿಯ ಕೇಂದ್ರದಿಂದ ನಿಮ್ಮ ಮನೆಯವರೆಗೆ. ಆ ಕೇಂದ್ರದಿಂದ ಹೊರಜಗತ್ತಿಗೆ ಹೋಗುವ ದಾರಿ ಇಕ್ಕಟ್ಟಾಗಿದ್ದರೆ ಅಳತೆಯಲ್ಲಿ ಅದು ಕಾಣುವುದಿಲ್ಲ. ಹತ್ತಿರದ ಸರ್ವರಿಗೆ ಟೆಸ್ಟ್ ಹೊಡೆದರೆ ಫುಲ್, ದೂರದ್ದನ್ನು ಕೇಳಿದರೆ ಗುಂಡಗೆ ತಿರುಗುವ ಚಕ್ರ. ಸಿಮೆಂಟಿನ ಚೀಲವನ್ನು ಕಾರ್ಖಾನೆಯ ಗೇಟಿನೊಳಗಷ್ಟೇ ತೂಗಿ, ಮನೆಗೆ ಮುಟ್ಟಿದ್ದು ಎಷ್ಟೆಂದು ಕೇಳಬೇಡಿ ಎಂದಂತೆ ಇದು.

ಚಿಂಚೋಳಿಯ ಕೇಳುಗರು ಇಷ್ಟು ಹೊತ್ತಿಗೆ ನನ್ನ ಮೇಲೆ ಬೇಸರಪಟ್ಟಿರಬಹುದು. ಬರುವ ಸ್ಪೀಡಿನ ಮಾತು ಇರಲಿ, ನೆಟ್ ಬಂದರೆ ಸಾಕು ಎನ್ನುವ ಊರುಗಳು ಆ ತಾಲೂಕಿನಲ್ಲಿವೆ. ಸಿಕಂದರಾಬಾದಿನಿಂದ ವಾಡಿಗೆ 1874ರಲ್ಲಿ ನಿಜಾಮನ ರೈಲು ಬಂತು. ಸೇಡಂ, ಚಿತ್ತಾಪುರ ಆ ಹಳಿಯ ಮೇಲೆ ಬಿದ್ದವು, ಶಹಾಬಾದ್ ಮುಂಬೈ ಹಳಿಯ ಮೇಲಿತ್ತು. ಚಿಂಚೋಳಿಗೆ ಇಂದಿಗೂ ರೈಲಿಲ್ಲ. ರೈಲ್ವೆಯ ಅಂಗಸಂಸ್ಥೆ ರೈಲ್‌ಟೆಲ್ ತನ್ನ ಫೈಬರನ್ನು ಹಾಸಿದ್ದು ಹಳಿಗುಂಟವೇ. ಹಳಿ ಇಲ್ಲದ ಕಡೆಗೆ ರಸ್ತೆಗುಂಟ ತೋಡಬೇಕು. ಕುಂಚಾವರಂ ಕಡೆಗೆ ಹೋದರೆ ಕಾಡು, ಅದೂ 2011ರಲ್ಲಿ ವನ್ಯಜೀವಿಧಾಮವೆಂದು ಘೋಷಣೆಯಾದ ಕಾಡು. ಅಲ್ಲಿ ತೋಡಲು ಬೇರೆ ಪರವಾನಗಿ. ಗಡಿಯ ತಾಂಡಾಗಳಲ್ಲಿ ಒಮ್ಮೊಮ್ಮೆ ಫೋನು ತೆಲಂಗಾಣದ ಟವರನ್ನು ಹಿಡಿದು ಕೂಡುತ್ತದೆ.

ಇಂಥ ಕಡೆಯೇ ಸರಕಾರ ಎಲ್ಲವನ್ನೂ ನೆಟ್ಟಿನ ಮೇಲೆ ಹಾಕಿದೆ. ಪಡಿತರ ಅಂಗಡಿಯಲ್ಲಿ ಹೆಬ್ಬೆಟ್ಟು ಒತ್ತಬೇಕು. ಪಹಣಿ, ಜಾತಿ ಪ್ರಮಾಣಪತ್ರ, ವಿದ್ಯಾರ್ಥಿವೇತನ, ಗೃಹಲಕ್ಷ್ಮಿ ಎಲ್ಲಕ್ಕೂ ಗ್ರಾಮ ಒನ್ ಕೇಂದ್ರದ ಕಂಪ್ಯೂಟರಿನ ಮುಂದೆ ಪಾಳಿ ಹಚ್ಚಬೇಕು. ಉದ್ಯೋಗ ಖಾತ್ರಿಯ ಕೆಲಸದಲ್ಲಿ 2023ರ ಜನವರಿ 1ರಿಂದ ಹಾಜರಿಯನ್ನು ಆಪ್‌ನಲ್ಲೇ ಹಾಕಬೇಕೆಂದು ಕಡ್ಡಾಯವಾಯಿತು. ದಿನಕ್ಕೆ ಎರಡು ಸಲ ಕೆಲಸಗಾರರ ಫೋಟೊ. ನೆಟ್ ಇಲ್ಲದ ಕಡೆ ತೆಗೆದ ಫೋಟೊವನ್ನು ನೆಟ್ ಸಿಗುವ ದಿನ್ನೆಗೆ ಹತ್ತಿ ಕಳಿಸಬೇಕು. ಕೆಲಸದ ಉಸ್ತುವಾರಿ ನೋಡುವ, ಫೋಟೊ ಕಳಿಸುವ ಮೇಟ್‌ನ ಫೋನಿನಲ್ಲಿ ಆ ಹೊತ್ತಿಗೆ ದಿನದ ಡೇಟಾ ಮುಗಿದಿದ್ದರೆ? ಸೆಕೆಂಡಿಗೆ 8 ಕಿಲೊಬೈಟಿನ ಮೇಲೆ ನಲವತ್ತು ಹೆಣ್ಣುಮಕ್ಕಳ ಕೂಲಿ ನಿಂತಿರುತ್ತದೆ. ಆ ರಿಚಾರ್ಜ್ ಮೇಟ್‌ನ ಸ್ವಂತ ದುಡ್ಡಿನದು ಎಂಬುದನ್ನೂ ಮರೆಯಬಾರದು. ದರ ಏರಿದರೆ ಬೇಡವೆಂದು ಬಿಡಬಹುದಾದ ಮೋಜಿನ ವಸ್ತು ಇದಲ್ಲ ಎನ್ನಲು ಇದಕ್ಕಿಂತ ಬೇರೆ ಸಾಕ್ಷಿ ನನಗೆ ಬೇಡ.

2011ರಲ್ಲಿ ಎಲ್ಲ ಗ್ರಾಮ ಪಂಚಾಯಿತಿಗೂ ಫೈಬರ್ ಮುಟ್ಟಿಸುವ ಯೋಜನೆಗೆ ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟಿತು. ಆಮೇಲೆ ಅದಕ್ಕೆ ಭಾರತ್‌ನೆಟ್ ಎಂಬ ಹೆಸರು ಬಂತು. 2023ರ ಆಗಸ್ಟಿನಲ್ಲಿ ಮತ್ತೆ 1,39,579 ಕೋಟಿ ರೂಪಾಯಿಯ ತಿದ್ದುಪಡಿ ಯೋಜನೆ. ಪಂಚಾಯಿತಿ ಕಟ್ಟಡದವರೆಗೆ ಕೇಬಲ್ ಬಂದು, ಒಳಗಿನ ಪೆಟ್ಟಿಗೆಗೆ ಕರೆಂಟ್ ಇಲ್ಲದೆ ಧೂಳು ಹಿಡಿದದ್ದನ್ನು ಹಳ್ಳಿಯವರು ಬೇಕಾದಷ್ಟು ಕಂಡಿದ್ದಾರೆ. ಅದರ ಬಗ್ಗೆ ಹೆಚ್ಚು ಹೇಳಲು ನನಗೆ ಉತ್ಸಾಹವಿಲ್ಲ.

ಬೇರೆ ಕಂಪನಿಗೆ ಹೋಗಬಹುದಲ್ಲ ಎನ್ನುವವರಿದ್ದಾರೆ. ಹೋಗಿಯೂ ನೋಡಿದ್ದಾರೆ. 2024ರ ಜುಲೈನ ಏರಿಕೆಯ ಸಿಟ್ಟಿಗೆ ದೇಶದಲ್ಲಿ ಆ ಒಂದೇ ತಿಂಗಳು ಸುಮಾರು 29 ಲಕ್ಷ ಗಿರಾಕಿಗಳು ಹೆಚ್ಚಾಗಿ ಬಿಎಸ್‌ಎನ್‌ಎಲ್‌ಗೆ ಬಂದರು. ಉಳಿದ ಮೂರೂ ಕಂಪನಿಗಳು ಗಿರಾಕಿಗಳನ್ನು ಕಳೆದುಕೊಂಡವು. ಆದರೆ ಬಿಎಸ್‌ಎನ್‌ಎಲ್‌ನ ಸ್ವದೇಶಿ ಫೋರ್ ಜಿ ಜಾಲದ ಉದ್ಘಾಟನೆಯಾದದ್ದು 2025ರ ಸೆಪ್ಟೆಂಬರ್ 27ರಂದು. ಅಗ್ಗದ ಆಸೆಗೆ ಬಂದವರಲ್ಲಿ ಎಷ್ಟೋ ಮಂದಿ ಅಲ್ಲಿಯವರೆಗೆ ಕಾಯಲಿಲ್ಲ, ಕೆಲವೇ ತಿಂಗಳಲ್ಲಿ ಹಿಂದಕ್ಕೆ ಹೋದರು. ಮೊಬೈಲಿಗಾದರೂ ನಂಬರ್ ಉಳಿಸಿಕೊಂಡು ಕಂಪನಿ ಬದಲಿಸುವ ಹಾದಿ ಇದೆ. ಮನೆಯ ಫೈಬರಿಗೆ ನಮ್ಮ ಓಣಿಗಳಲ್ಲಿ ಬಹಳ ಸಲ ಇರುವುದೇ ಒಂದು ಕೇಬಲ್. ಆ ಕೇಬಲ್‌ನವನನ್ನು ಬಿಟ್ಟರೆ ನೆಟ್ಟನ್ನೇ ಬಿಡಬೇಕು. ಅವನಿಗೂ ಅದು ಗೊತ್ತು.

ದರ ಎಷ್ಟಿರಬೇಕು ಎಂದು ಟ್ರಾಯ್ ನಿಗದಿ ಮಾಡುವುದಿಲ್ಲ. ಅದನ್ನು ಕಂಪನಿಗಳಿಗೇ ಬಿಟ್ಟಿದೆ, ಜಾರಿಗೆ ತಂದ ಏಳು ಕೆಲಸದ ದಿನಗಳೊಳಗೆ ತಿಳಿಸಿದರೆ ಸಾಕು. ರಾಜ್ಯ ಸರಕಾರವೂ ಏನೂ ಮಾಡಲಾರದು, ದೂರಸಂಪರ್ಕ ಕೇಂದ್ರದ ವಿಷಯ. ರಾಜ್ಯದ ಐಟಿ ಬಿಟಿ ಸಚಿವರ ಕ್ಷೇತ್ರ ಚಿತ್ತಾಪುರವೇ ಆದರೂ ಅವರ ಮನೆಯ ಮುಂದೆ ಧರಣಿ ಕೂತರೆ ರಿಚಾರ್ಜಿನ ದರ ಇಳಿಯದು. ಫೈಬರ್ 399 ರೂಪಾಯಿ ಎಂಬ ಜಾಹೀರಾತು ನೋಡಿ ಹೋದವರು ಬಿಲ್ಲಿನಲ್ಲಿ 470 ರೂಪಾಯಿ 82 ಪೈಸೆ ಕಟ್ಟುತ್ತಾರೆ. ನೂರಕ್ಕೆ 18ರ ಜಿಎಸ್‌ಟಿ ಸಣ್ಣ ಅಕ್ಷರದಲ್ಲಿತ್ತು. ಬೆಲೆಯ ಮೇಲೆ ನಮಗಿರುವ ಹಿಡಿತ ಇಷ್ಟೇ. ಆದರೆ ಕೊಟ್ಟ ಮಾತಿನ ಮೇಲೆ ಹಿಡಿತ ಇದೆ, ಅದನ್ನು ನಮ್ಮ ಕಡೆಯವರು ಬಳಸುವುದೇ ಕಡಿಮೆ.

ಕೇಬಲ್‌ನ ಹುಡುಗನಿಗೆ ಫೋನು ಮಾಡಿ ಬೈದರೆ ದೂರು ದಾಖಲಾಗುವುದಿಲ್ಲ. ಕಂಪನಿಯ ದೂರು ಕೇಂದ್ರಕ್ಕೇ ಮಾಡಿ, ಡಾಕೆಟ್ ನಂಬರ್ ಕೇಳಿ ಪಡೆಯಬೇಕು. ಕೊಡಲೇಬೇಕೆಂದು 2012ರ ನಿಯಮದಲ್ಲಿದೆ. ಅಲ್ಲಿ ಪರಿಹಾರ ಸಿಗದಿದ್ದರೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಮೂವತ್ತು ದಿನದೊಳಗೆ ಬರೆಯಬೇಕು. ಅದಕ್ಕೆ ಶುಲ್ಕವಿಲ್ಲ, ಅವರು 39 ದಿನದೊಳಗೆ ತೀರ್ಮಾನ ಹೇಳಬೇಕು. ಟ್ರಾಯ್‌ಗೆ ನೇರವಾಗಿ ಬರೆದು ಕಾಯುತ್ತ ಕೂಡಬೇಡಿ, ಒಬ್ಬೊಬ್ಬರ ದೂರನ್ನು ಅದು ವಿಚಾರಿಸುವುದಿಲ್ಲ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನು ಮಾಡಬಹುದು.

ಅದೂ ಆಗದಿದ್ದರೆ ಕಲಬುರಗಿಯ ಜಿಲ್ಲಾ ಗ್ರಾಹಕ ಆಯೋಗ. ದೂರಸಂಪರ್ಕದ ವ್ಯಾಜ್ಯಗಳು ಗ್ರಾಹಕ ನ್ಯಾಯಾಲಯಕ್ಕೆ ಬರುವುದಿಲ್ಲ ಎಂದು ಕಂಪನಿಗಳು ಬಹಳ ಕಾಲ ವಾದಿಸುತ್ತಿದ್ದವು. 2022ರ ಫೆಬ್ರವರಿ 16ರಂದು ಸುಪ್ರೀಂ ಕೋರ್ಟ್, ವೊಡಾಫೋನ್ ಐಡಿಯಾದ ಪ್ರಕರಣವೊಂದರಲ್ಲಿ, ಬರುತ್ತವೆ ಎಂದು ತೀರ್ಪು ಕೊಟ್ಟಿತು. 2019ರ ಕಾಯ್ದೆಯ ಪ್ರಕಾರ ಕಂಪನಿಯ ಕಚೇರಿ ಮುಂಬೈಯಲ್ಲಿರಲಿ, ದೆಹಲಿಯಲ್ಲಿರಲಿ, ನೀವು ವಾಸವಿರುವ ಜಿಲ್ಲೆಯಲ್ಲೇ ದೂರು ಹಾಕಬಹುದು. ಐದು ಲಕ್ಷದವರೆಗಿನ ದೂರಿಗೆ ಶುಲ್ಕವಿಲ್ಲ, ವಕೀಲರನ್ನು ಇಡಲೇಬೇಕೆಂದೂ ಇಲ್ಲ. ಜತೆಗೆ ಬೇಕಾದದ್ದು ಬಿಲ್ಲು, ಪ್ಲಾನಿನ ಜಾಹೀರಾತು, ಡಾಕೆಟ್ ನಂಬರ್, ತಾರೀಖು ಮತ್ತು ಹೊತ್ತು ಕಾಣುವಂತೆ ತೆಗೆದಿಟ್ಟ ಸ್ಪೀಡ್ ಟೆಸ್ಟಿನ ಸ್ಕ್ರೀನ್‌ಶಾಟು. ಚಿಂಚೋಳಿಯಿಂದ ಪ್ರತಿ ತಾರೀಖಿಗೂ ಕಲಬುರಗಿಗೆ ಬಸ್ಸು ಹಿಡಿಯುವುದು ಕಷ್ಟವೆಂದರೆ, ವಿಡಿಯೊ ಕಾನ್ಫರೆನ್ಸ್ ಮೂಲಕ ಹಾಜರಾಗಲು ಅವಕಾಶ ಕೇಳಬಹುದು ಎಂದೂ ಕಾಯ್ದೆ ಹೇಳುತ್ತದೆ. ಆ ದಿನ ಮಾತ್ರ ಮಗನ ಫೋನಿನ ಡೇಟಾ ಮೊದಲೇ ಮುಗಿಯದಂತೆ ನೋಡಿಕೊಳ್ಳಿ.